ಮೇಲಿನ ಹೊಲದ ಮಣ್ಣು

ಪಾಲಣ್ಣನ ಹಾರೆ ಮತ್ತೆ ಠಣ್ಣೆಂದಿತು. ತೀರಿಕೊಂಡ ಅಣ್ಣ ಉಚ್ಚಂಗೆಪ್ಪನಿಗೆ ಗುಣಿ ತೋಡಲು ಹೊತ್ತೇರುವ ಮೊದಲೇ ಶುರುಮಾಡಿದವನು ಇನ್ನೂ ಸೊಂಟದವರೆಗೂ ಇಳಿದಿರಲಿಲ್ಲ.

"ಅತ್ತಿಗೆಮ್ಮ, ಬರೀ ಗರಸು ಐತೆ. ಊರ ಮುಂದಿನ ಜಾಗಕ್ಕೆ ಹೋಗಾನೇನು?"

"ಬ್ಯಾಡಪ್ಪ. 'ನನ್ನ ಹೊಲದ ಬದುವಿನ ಪಕ್ಕಾನೇ ಮಲಗಿಸ್ರಿ' ಅಂದಿದ್ರು ನಿಮ್ಮಣ್ಣ," ಎಂದಳು ಉಡಚಮ್ಮ.

ಹಾಗೆಂದಳೇ ಹೊರತು, ಗುಣಿಯ ಪಕ್ಕ ಬಿದ್ದ ಗರಸಿನ ಗುಡ್ಡೆಯಿಂದ ಒಂದು ಚೂಪು ಕಲ್ಲನ್ನು ಹೆಕ್ಕಿ ಆಚೆಗೆ ಎಸೆದಳು. ಕಾಲಿಗೆ ಮುಳ್ಳು ಚುಚ್ಚಿದರೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಗಂಡ. ಅವನ ಮೈಮೇಲೆ ಆ ಕಲ್ಲುಚೂರು ಬೀಳಬೇಕೆ?

ಹಿಡಿ ಮಣ್ಣು ಹಾಕಲು ಊರೇ ಬಂದಿತ್ತು. ಕೆಳಗಿನ ಹೊಲದ ಜುಂಜಪ್ಪ ಮಾತ್ರ ಬಂದಿರಲಿಲ್ಲ.

"ಏಳು ವರ್ಷ ಮಾತಾಡದೋನು ಈಗ ಬರ್ತಾನಾ?" ಎಂದಳು ನೆರೆಮನೆಯ ಅಜ್ಜಮ್ಮ. "ಜಿದ್ದು ಗುಣಿ ತನಕ ಹೋಗ್ತೈತೆ ಬಿಡು."

ಉಡಚಮ್ಮನಿಗೆ ಬೇಡವಾಗಿದ್ದದ್ದು ಅದೇ. ಕೊನೆಯುಸಿರು ಎಳೆಯುವಾಗಲೂ "ಜುಂಜ ಬಂದ್ನಾ?" ಎಂದು ಕೇಳಿದ್ದ ಗಂಡನನ್ನು ಆ ಜಿದ್ದಿನ ಸಮೇತ ಹೇಗೆ ಹೂಳುವುದು?

*

ಏಳು ವರ್ಷದ ಹಿಂದಿನ ಮಾತು, ಯುದ್ಧ ಶುರುವಾದ ವರ್ಷ. ಮಣ್ಣು ಕೊಚ್ಚಿಹೋಗುವ ಹೊಲಗಳಿಗೆ ಬದು ಹಾಕಿದರೆ ಅರ್ಧ ಖರ್ಚು ಸರ್ಕಾರದ್ದು ಎಂದು ಜಗಳೂರಿನಿಂದ ಬೇಸಾಯದ ಸಾಹೇಬರೊಬ್ಬರು ಬಂದರು. ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಇಳಿಜಾರು ಅಳೆದು, ಹೊಲದುದ್ದಕ್ಕೂ ಗೂಟ ಹೊಡೆಸಿದರು. ಗೂಟದ ಸಾಲು ಅಲ್ಲಿ ಬಾಗಿ, ಇಲ್ಲಿ ಬಳುಕಿ ಹೋಯಿತು.

ಉಚ್ಚಂಗೆಪ್ಪನ ನೇಗಿಲ ಸಾಲೆಂದರೆ ದಾರ ಹಿಡಿದಂತೆ. ಅದೇ ಅವನ ಹೆಮ್ಮೆ.

"ಏನೇ ಇದು, ಎತ್ತು ಉಚ್ಚೆ ಹೊಯ್ದಂಗೆ ಐತಲ್ಲ!"

ಸಾಹೇಬರ ಸೈಕಲ್ಲು ಮರೆಯಾದದ್ದೇ ತಡ, ಗೂಟಗಳನ್ನೆಲ್ಲ ಕಿತ್ತು, ಹಗ್ಗ ಎಳೆದು ನೆಟ್ಟಗೆ ನೆಟ್ಟ. ಹಗ್ಗದ ಇನ್ನೊಂದು ತುದಿ ಹಿಡಿದವಳು ಉಡಚಮ್ಮನೇ.

ಬದು ನೆಟ್ಟಗೇ ಎದ್ದಿತು. ಮೊದಲ ದೊಡ್ಡ ಮಳೆಗೆ ನೀರೆಲ್ಲ ತಗ್ಗಿನಲ್ಲಿ ನಿಂತು, ಬದು ಒಡೆದು, ಹೊಲದ ಒಳ್ಳೆಯ ಮಣ್ಣೆಲ್ಲ ಜುಂಜಪ್ಪನ ಎಳೆಯ ಜೋಳದ ಮೇಲೆ ಹೋಗಿ ಕುಳಿತಿತು.

ತಪ್ಪಾಯಿತು ಅನ್ನುವುದು ಬಿಟ್ಟು ಉಚ್ಚಂಗೆಪ್ಪ ಹೋಗಿ ಕೇಳಿದ್ದೇನು? "ನನ್ನ ಮಣ್ಣು ವಾಪಸ್ ಕೊಡಲೇ!"

"ನನ್ನ ಜೋಳ ಕೊಡು, ಕೊಡ್ತೀನಿ," ಎಂದ ಜುಂಜಪ್ಪ.

ಅಷ್ಟೇ. ತಲಾ ಒಂದೊಂದು ಎತ್ತು ಕೂಡಿಸಿ ಹೂಡುತ್ತಿದ್ದವರ ಮಾತು ಅಲ್ಲಿಗೆ ನಿಂತಿತು.

ಮರುವರ್ಷ ಸಾಹೇಬರು ಹಳೆಯ ಗುರುತಿಗೇ ಗೂಟ ಹೊಡೆಸಿದರು. ಬಾಗಿದ ಬದು ಗಟ್ಟಿಯಾಗಿ ನಿಂತಿತು, ಸರ್ಕಾರದ ಹಣವೂ ಬಂತು. "ದುಡ್ಡು ಅರ್ಧ ಕೊಟ್ರು, ಬುದ್ಧಿ ಪೂರ್ತಿ ಕೊಟ್ರು ಕಣೇ," ಎಂದು ಉಚ್ಚಂಗೆಪ್ಪ ನಗುತ್ತಿದ್ದ. ಆ ಮಾತನ್ನು ಜುಂಜಪ್ಪನ ಮುಂದೆ ಆಡುವ ಧೈರ್ಯ ಮಾತ್ರ ಅವನಿಗೆ ಕೊನೆಗೂ ಬರಲಿಲ್ಲ.

*

ಹೊತ್ತು ಇಳಿಯುತ್ತಿತ್ತು. ಉಚ್ಚಂಗೆಪ್ಪನನ್ನು ಗುಣಿಯಲ್ಲಿ ಮಲಗಿಸಿ ಆಗಿತ್ತು. ಪಾಲಣ್ಣ ಗರಸಿಗೆ ಸಲಿಕೆ ಹಾಕಿದ. ಉಡಚಮ್ಮ ಕಣ್ಣು ಮುಚ್ಚಿಕೊಂಡಳು.

"ತಡೀರಿ!"

ಬದುವನ್ನು ತುಳಿಯದೆ, ಅದು ಬಾಗಿದ ಕಡೆಯೆಲ್ಲ ಬಾಗಿ ಸುತ್ತಿಕೊಂಡು ಜುಂಜಪ್ಪನ ಗಾಡಿ ಬರುತ್ತಿತ್ತು. ಗಾಡಿಯ ತುಂಬ ಮಣ್ಣು. ಅವನ ಮೊಳಕಾಲವರೆಗೂ ಮಣ್ಣು.

"ಬೆಳಗ್ಗಿಂದ ಅಗೀತಿದ್ದೆ ತಂಗಿ, ಹೊತ್ತಾತು," ಎಂದ, ಅವಳ ಮುಖ ನೋಡದೆ. "ಇದು ಅವನ ಮಣ್ಣೇ. ಕೇಳಿದ್ನಲ್ಲ, ತಂದೀನಿ."

ಉಡಚಮ್ಮ ಗಾಡಿಯ ಹತ್ತಿರ ಬಂದಳು. "ಅವತ್ತು ಹಗ್ಗ ಹಿಡಿದೋಳು ನಾನೇ ಅಣ್ಣಾ."

"ಗೊತ್ತು. ಕೆಳಗಿಂದ ನೋಡ್ತಾ ನಿಂತಿದ್ದೆ." ಜುಂಜಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಎಷ್ಟು ನೆಟ್ಟಗೆ ಸಾಲು ಹಿಡಿದಾನಲ್ಲ ಅಂತ ನಂಗೂ ಖುಷಿ ಆಗಿತ್ತು."

ಉಡಚಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಗಾಡಿಯಿಂದ ಮೊದಲ ಹಿಡಿ ತೆಗೆದುಕೊಂಡಳು. ಮಣ್ಣು ಮೆತ್ತಗಿತ್ತು. ಅದರಲ್ಲಿ ಜೋಳದ ಕೂಳೆಯೊಂದು ಬೇರು ಸಮೇತ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸದೆ, ಹಾಗೇ ಗಂಡನ ಎದೆಯ ಮೇಲೆ ಬಿಟ್ಟಳು.