ಒಂದೇ ಅಡುಗೆಮನೆಯ ಊರು

"ಅಜ್ಜೀ, ಅಂಟು ಮುಗ್ದೋಯ್ತು. ಇನ್ನೊಂಚೂರು ಅನ್ನ ಬೇಯ್ಸಿ ಕೊಡ್ತೀಯಾ?"

ಕೆಳಗಿನಿಂದ ಮೊಮ್ಮಗಳು ಮೊಲಿಕಾ ಕೂಗಿದಾಗ ಚಾಂಥಾ ಬುದ್ಧನ ಪಟದ ಮುಂದೆ ಊದುಬತ್ತಿ ಹಚ್ಚಿಟ್ಟು ಸುಮ್ಮನೆ ಕುಳಿತಿದ್ದಳು. ಪಟದ ಪಕ್ಕದಲ್ಲಿ ತೀರಿಹೋದ ಗಂಡನ ಭಾವಚಿತ್ರವಿತ್ತು. ನೂರನೆಯ ದಿನದ ಕಾರ್ಯ ಮುಗಿದು ತಿಂಗಳಾಗಿತ್ತು. ಅಂದು ಅವಳು ಬೋಳಿಸಿಕೊಂಡ ತಲೆಯ ಮೇಲೆ ಬಿಳಿಯ ಕೂದಲು ಆಗಲೇ ಮೊಳೆಯುತ್ತಿತ್ತು. ಮೊಣಕಾಲಿಗೆ ಕೈಯೂರಿ ಎದ್ದು, ಏಣಿಯ ಮೆಟ್ಟಿಲುಗಳನ್ನು ನಿಧಾನವಾಗಿ ಇಳಿದಳು. ಈಚೆಗೆ ಇಳಿಯುವುದೂ ಹತ್ತಿದಷ್ಟೇ ಆಯಾಸವೆನಿಸುತ್ತಿತ್ತು.

ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ನೆರಳು, ನೆರಳಿನಲ್ಲಿ ಒಂದು ಬಿದಿರಿನ ಮಂಚ. ಆ ಮಂಚದ ಮೇಲೆ ಮೊಲಿಕಾ ಮತ್ತು ಅವಳ ತರಗತಿಯ ಕನಿಥಾ, ಪನ್ಹಾ ಮೂವರೂ ಸೇರಿ ರಟ್ಟಿನಲ್ಲಿ ಒಂದು ಊರು ಕಟ್ಟುತ್ತಿದ್ದರು. ಎಲ್ಲರೂ ಸುಖವಾಗಿರುವ ಊರು ಹೇಗಿರಬೇಕೆಂದು ಗುಂಪುಗುಂಪಾಗಿ ಯೋಚಿಸಿ, ಮಾಡಿ ತನ್ನಿ ಎಂದು ಮೇಷ್ಟ್ರು ಹೇಳಿದ್ದರಂತೆ. ಮೊದಲ ಬಹುಮಾನ ಬಂದ ಊರು ಕಂಪೊಂಗ್ ಥೋಮ್ ಪಟ್ಟಣದ ಪ್ರದರ್ಶನಕ್ಕೆ ಹೋಗುತ್ತದೆ. ಅದಕ್ಕೆ ಮಕ್ಕಳ ತಂದೆತಾಯಿಯನ್ನೂ ಕರೆಯುತ್ತಾರೆ. ಮೊಲಿಕಾಳಿಗೆ ಬೇಕಾಗಿದ್ದುದು ಅದೊಂದೇ. ಅವಳ ತಾಯಿ ವನ್ನಾ ರಾಜಧಾನಿ ನೋಂಪೆನ್ನಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವಳು. ಹಬ್ಬಕ್ಕಲ್ಲದೆ ರಜ ಸಿಗುತ್ತಿರಲಿಲ್ಲ. ಶಾಲೆಯವರ ಕರೆಯೋಲೆ ಬಂದರೆ ತೋರಿಸಿ ರಜ ಕೇಳುತ್ತೇನೆ, ಬಂದೇ ಬರುತ್ತೇನೆ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದಳು.

ಚಾಂಥಾ ಅನ್ನವನ್ನು ಮೆತ್ತಗೆ ಬೇಯಿಸಿ, ಅಂಟಾಗುವಂತೆ ಮಸೆದು, ಬಟ್ಟಲಲ್ಲಿ ತಂದಳು. ಮಂಚದ ನಡುವೆ ನಿನ್ನೆ ಇಲ್ಲದಿದ್ದ ಉದ್ದನೆಯ ಕಟ್ಟಡವೊಂದು ಎದ್ದಿತ್ತು.

"ಇದೇನಮ್ಮಾ ಇಷ್ಟುದ್ದ? ವಿಹಾರಾನಾ?"

"ಅಡುಗೆಮನೆ ಅಜ್ಜಿ! ಇಡೀ ಊರಿಗೆ ಒಂದೇ," ಎಂದಳು ಮೊಲಿಕಾ. "ನಂದೇ ಐಡಿಯಾ. ಯಾರೂ ಮನೇಲಿ ಬೇಯ್ಸಂಗಿಲ್ಲ. ಗಂಟೆ ಹೊಡೀತಾರೆ, ಎಲ್ರೂ ಬಂದು ಸಾಲಾಗಿ ಕೂತ್ಕೊಂಡು ಉಣ್ತಾರೆ. ದುಡ್ಡು ಅನ್ನೋದೇ ಇಲ್ಲ. ದುಡ್ಡಿಲ್ದಿದ್ರೆ ಅಮ್ಮಂದಿರು ಕಾರ್ಖಾನೆಗೆ ಹೋಗೋದೇ ಬೇಡ ಅಲ್ವಾ?"

ಚಾಂಥಾ ಬಟ್ಟಲನ್ನು ಮಂಚದ ಮೇಲಿಟ್ಟು, ತಾನೂ ಅಂಚಿನಲ್ಲಿ ಕುಳಿತಳು.

"ಪನ್ಹಾ ಎಲ್ರಿಗೂ ಒಂದೇ ಥರ ಬಟ್ಟೆ ಅಂತಿದ್ದ ಅಜ್ಜಿ," ಎಂದು ಕನಿಥಾ ದೂರು ಹೇಳಿದಳು. "ನಾನು ಒಪ್ಲಿಲ್ಲ. ನಂಗೆ ಹಳದೀನೇ ಬೇಕು."

"ಹಾಕ್ಕೊಂಡು ಕೋಳಿಮರಿ ಥರ ಓಡಾಡು, ಯಾರ್ ಬೇಡ ಅಂದ್ರು?" ಎಂದ ಪನ್ಹಾ, ಬೆರಳಿನಿಂದ ಅಂಟು ತೆಗೆದು ಗೋಡೆಗೆ ಬಳಿಯುತ್ತ.

ಮಕ್ಕಳಿಗೆ ಗೊತ್ತಿರಲಿಲ್ಲವೆಂದಲ್ಲ. ಅಜ್ಜಿಯ ಹರೆಯದಲ್ಲಿ ದೇಶವನ್ನು ಕಪ್ಪು ಬಟ್ಟೆಯ ಬಂಡುಕೋರರು ಆಳಿದ ಕಾಲದ ಬಗ್ಗೆ ಪಾಠವಿತ್ತು, ಪರೀಕ್ಷೆಗೂ ಬಂದಿತ್ತು. ಎಷ್ಟು ಜನ ಸತ್ತರೆಂದು ಮೂವರೂ ಬಾಯಿಪಾಠ ಒಪ್ಪಿಸಬಲ್ಲರು. ಆದರೆ ಅಡುಗೆಮನೆಯ ವಿಷಯ ಆ ಪುಟದಲ್ಲಿ ಇರಲಿಲ್ಲವೇನೋ. ಇದ್ದರೂ ಒಂದು ಸಾಲು ಇದ್ದೀತು.

"ಗಂಟೆ ಹೊಡ್ಯೋಕೆ ಮುಂಚೆ ಒಂದ್ ಮಗೂಗೆ ಹಸಿವಾದ್ರೆ?" ಚಾಂಥಾ ಕೇಳಿದಳು.

"ಸ್ವಲ್ಪ ಹೊತ್ತು ಕಾಯುತ್ತೆ."

"ಹುಷಾರಿಲ್ದೆ ಮಲಗಿದ್ರೆ?"

"ಅಡುಗೆಮನೆಯಿಂದ ತಂದ್ಕೊಡ್ತಾರೆ."

"ಬಾಗಿಲು ಹಾಕಿದ್ರೆ?"

ಮೊಲಿಕಾ ಪನ್ಹಾನ ಮುಖ ನೋಡಿದಳು. "ಊರಿಗೆ ಒಬ್ಬ ಮುಖ್ಯಸ್ಥ ಇರ್ತಾನೆ ಅಜ್ಜಿ," ಎಂದ ಅವನು. "ಬೀಗದ ಕೈ ಅವನ ಹತ್ರ ಇರುತ್ತೆ."

"ಯಾರು, ನೀನಾ?" ಎಂದಳು ಕನಿಥಾ. "ಸರಿಹೋಯ್ತು, ಊರೆಲ್ಲ ಉಪವಾಸ!"

ಮೂವರೂ ನಕ್ಕರು. ಚಾಂಥಾ ಉದ್ದನೆಯ ಕಟ್ಟಡವನ್ನು ನೋಡುತ್ತ ಕುಳಿತಳು. ಆ ಕಾಲದಲ್ಲಿ ಅವಳು ಕಂಡ ಅಡುಗೆಮನೆಗೆ ತಾಳೆಗರಿಯ ಸೂರಿತ್ತು, ಗಂಟೆಯ ಬದಲು ತೂಗುಹಾಕಿದ ಲಾರಿ ಚಕ್ರದ ಕಬ್ಬಿಣವಿತ್ತು. ಅದನ್ನು ಕಟ್ಟುವ ಮೊದಲು ಮನೆಮನೆಗೆ ಬಂದು ಪಾತ್ರೆಗಳನ್ನೆಲ್ಲ ಒಯ್ದಿದ್ದರು. ತಲೆಗೊಂದು ಚಮಚ ಬಿಟ್ಟಿದ್ದರು.

ಅವಳು ಎದ್ದು ಕೆರೆಯ ಅಂಚಿಗೆ ಹೋದಳು. ಬಿಳಿಯ ಅಂಗಿಗೆ ಕೆಸರು ತಾಗದಂತೆ ಹುಷಾರಾಗಿ ಬಗ್ಗಿ, ಒಂದು ಮುಷ್ಟಿ ಜೇಡಿಮಣ್ಣು ತಂದಳು. ಮಂಚದ ಮೇಲೆ ಕುಳಿತು ಹೆಬ್ಬೆರಳಿನ ಗಾತ್ರದ ಒಲೆಗಳನ್ನು ಮಾಡತೊಡಗಿದಳು. ಮುಂದೆ ಸೌದೆಗೆ ಬಾಯಿ, ಮೇಲೆ ಪಾತ್ರೆಗೆ ಮೂರು ಗುಬುಟು. ಮಾಡಿದ್ದನ್ನು ಒಂದೊಂದು ರಟ್ಟಿನ ಮನೆಯ ಅಡಿಗೂ ಇಟ್ಟಳು.

"ಅಜ್ಜಿ, ಇದ್ಯಾಕೆ?" ಪನ್ಹಾನಿಗೆ ತಡೆಯಲಾಗಲಿಲ್ಲ. "ದೊಡ್ಡ ಅಡುಗೆಮನೆ ಇದ್ಮೇಲೆ ಒಲೆ ಯಾಕೆ? ಪ್ರತಿಯೊಂದಕ್ಕೂ ಕಾರಣ ಇರ್ಬೇಕು ಅಂದಿದಾರೆ ಮೇಷ್ಟ್ರು. ನಂಬರ್ ಕಟ್ ಮಾಡ್ತಾರೆ."

"ಬೇಡ ಅಂದ್ರೆ ತೆಗ್ದು ಬಿಸಾಕ್ರಪ್ಪಾ. ಮಣ್ಣು ತಾನೆ," ಎಂದು ಚಾಂಥಾ ಕೈ ತೊಳೆಯಲು ಹೋದಳು.

ಗೆಳೆಯರು ಮನೆಗೆ ಹೋದ ಮೇಲೆ ಮೊಲಿಕಾ ಅಜ್ಜಿಯ ಪಕ್ಕ ಬಂದು ಕುಳಿತಳು. ಸಂಜೆಯಾಗುತ್ತಿತ್ತು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು.

"ಅಜ್ಜಿ, ನಮ್ಮೂರು ನಿಂಗೆ ಇಷ್ಟ ಆಗ್ಲಿಲ್ವಾ?"

"ಚೆನ್ನಾಗಿದೆ. ಹಾಗಂತಲ್ಲ." ಚಾಂಥಾ ಸೌದೆಯನ್ನು ಒಳಕ್ಕೆ ದೂಡಿದಳು. ಆಮೇಲೆ, "ನಿಂಗೊಬ್ಳು ದೊಡ್ಡಮ್ಮ ಇದ್ಲು," ಎಂದಳು.

"ನಂಗಾ?"

"ನಿಮ್ಮಮ್ಮ ಇನ್ನೂ ಹುಟ್ಟಿರ್ಲಿಲ್ಲ. ಆಗ ನಮ್ಮೂರಿಗೂ ಒಂದೇ ಅಡುಗೆಮನೆ. ಮಗೂಗೆ ಜ್ವರ ಬಂತು. ಗಂಜಿ ಕೊಡಮ್ಮಾ ಅಂದ್ಲು. ನಿಮ್ಮಜ್ಜ ಗದ್ದೇಲಿ ಉದುರಿದ ಭತ್ತ ಆಯ್ದು, ಉಜ್ಜಿ, ಹೆಗಲ ಮೇಲಿನ ವಲ್ಲಿ ತುದೀಲಿ ಒಂದ್ ಹಿಡಿ ಅಕ್ಕಿ ಗಂಟು ಕಟ್ಟಿಟ್ಟಿದ್ರು. ಅಕ್ಕಿ ಇತ್ತು, ಬೇಯ್ಸೋಕೆ ಪಾತ್ರೆ ಇರ್ಲಿಲ್ಲ. ಒಲೆ ಹಚ್ಚಿದ್ರೆ ಹೊಗೆ ಕಾಣುತ್ತೆ, ಕಂಡ್ರೆ ಕೊಂದ್ಬಿಡ್ತಿದ್ರು. ನಿಮ್ಮಜ್ಜ ಹೋಗಿ ಅಡುಗೆಮನೆ ಬಾಗಿಲು ಬಡಿದ್ರು." ಅವಳು ಸಾರಿನ ಮುಚ್ಚಳ ತೆಗೆದಳು. "ಗಂಟೆ ಹೊಡೆದಾಗ ಬನ್ನಿ ಅಂದ್ರು."

"ಆಮೇಲೆ?"

"ಗಂಟೆ ಹೊಡೆದಾಗ ನಾವಿಬ್ರೇ ಹೋದ್ವಿ."

ಮೊಲಿಕಾ ಮೊಣಕಾಲನ್ನು ತಬ್ಬಿಕೊಂಡಳು. "ಹೆಸ್ರೇನು ಅವ್ಳದ್ದು?"

ಹಿರಿಯರಿಗೆ ಅನ್ನದ ಉಂಡೆ ಇಡುವ ಹಬ್ಬದಲ್ಲಿ ಗಂಡಹೆಂಡತಿ ಇಬ್ಬರೂ ಆ ಹೆಸರನ್ನು ಮೆಲ್ಲಗೆ, ಒಟ್ಟಿಗೆ ಹೇಳುತ್ತಿದ್ದರು. ಬೇರೆ ಯಾವ ದಿನವೂ ಹೇಳುತ್ತಿರಲಿಲ್ಲ. ಈ ಸಲ ಒಬ್ಬಳೇ ಹೇಳಬೇಕಾಗುತ್ತದೆಂದು ಚಾಂಥಾ ಅಂಜಿಕೊಂಡಿದ್ದಳು.

"ಥಿದಾ," ಎಂದಳು.

"ಥಿದಾ ದೊಡ್ಡಮ್ಮ," ಎಂದಳು ಮೊಲಿಕಾ.

ಬೆಳಿಗ್ಗೆ ಪನ್ಹಾನ ಅಪ್ಪ ಗಾಡಿ ತಂದು ಊರನ್ನು ಶಾಲೆಗೆ ಒಯ್ದ. ಒಲೆಗಳನ್ನು ತೆಗೆದರೋ ಇಟ್ಟರೋ ಎಂದು ಚಾಂಥಾ ನೋಡಲಿಲ್ಲ. ವಿಹಾರಕ್ಕೆ ಹೋಗಿ ಭಿಕ್ಷುಗಳ ಬಟ್ಟಲಿಗೆ ಅನ್ನವಿಕ್ಕಿ, ಪಠಣ ಕೇಳುತ್ತ ಕುಳಿತಳು. ಮನಸ್ಸು ನಿಲ್ಲಲಿಲ್ಲ. ಹೇಳಬಾರದಿತ್ತೇನೋ. ಮಗುವಿಗೆ ಬೇಕಾಗಿದ್ದುದು ತಾಯಿ ಬರುವುದು, ಅಷ್ಟೇ. ಅದರ ನಡುವೆ ತಾನೇಕೆ ಕೈ ಹಾಕಿದೆ?

ಮಧ್ಯಾಹ್ನ ಊರು ಅದೇ ಗಾಡಿಯಲ್ಲಿ ಹಿಂದಿರುಗಿತು. ಕನಿಥಾ ಇನ್ನೂ ದೂರದಲ್ಲಿರುವಾಗಲೇ ಕೂಗತೊಡಗಿದಳು.

"ಸೆಕೆಂಡು ಅಜ್ಜಿ, ಸೆಕೆಂಡು! ಎಲ್ಲಾ ಇವ್ಳಿಂದ! ಒಂದೇ ಅಡುಗೆಮನೆ ಅಂತೀರಿ, ಮನೆಗೊಂದು ಒಲೆ ಇಡ್ತೀರಿ, ಯಾವ್ದಾದ್ರೂ ಒಂದು ಇಟ್ಕೊಳ್ಳಿ, ಒಲೆ ತೆಗೆದ್ರೆ ಮೊದಲ ಬಹುಮಾನ ನಿಮ್ಗೇ ಅಂದ್ರು ಮೇಷ್ಟ್ರು. ಪನ್ಹಾ ತೆಗ್ಯೋಕೆ ಹೋದ. ಇವ್ಳು ಎರಡೂ ಕೈ ಅಡ್ಡ ಇಟ್ಕೊಂಡು ನಿಂತ್ಬಿಟ್ಲು, ಕಾರಣ ಕೇಳಿದ್ರೆ ಬಾಯೇ ಬಿಡ್ಲಿಲ್ಲ."

"ನನ್ ಕೈ ಪರಚಿದ್ಲು," ಎಂದ ಪನ್ಹಾ, ತೋರಿಸುತ್ತ.

"ಪರಚಿಲ್ಲ. ತಳ್ಳಿದೆ," ಎಂದಳು ಮೊಲಿಕಾ. ಊರನ್ನು ಮಂಚದ ಮೇಲೆ ಇಡಿಸಿ, ಅವರಿಬ್ಬರೂ ಹೋಗುವವರೆಗೆ ಕಾಲುಬೆರಳಿನಿಂದ ನೆಲ ಕೆದಕುತ್ತ ನಿಂತಳು.

"ಅಮ್ಮಂಗೆ ಹೇಳ್ಬೇಕಲ್ಲ," ಎಂದಳು ಚಾಂಥಾ.

"ಮೇಷ್ಟ್ರ ಫೋನಿಂದ ಹೇಳ್ದೆ. ಪರ್ವಾಗಿಲ್ಲ ಮಗಾ, ಹಬ್ಬಕ್ಕೆ ಬರ್ತೀನಿ ಅಂದ್ಲು." ಮುಖ ತಿರುಗಿಸಿಕೊಂಡು, "ನಂಗೆ ಹಸಿವಾಗ್ತಿದೆ. ನೀನು ಕೂತ್ಕೋ, ನಾನೇ ಬೇಯ್ಸ್ತೀನಿ," ಎಂದು ಅಕ್ಕಿ ತೊಳೆಯಲು ಹೋದಳು.

ಚಾಂಥಾ ಬಿದಿರಿನ ಮಂಚಕ್ಕೆ ಒರಗಿ ಕುಳಿತಳು. ಹಿಂದಿನಿಂದ ಪಾತ್ರೆಯ ಸದ್ದು ಬಂತು, ಊದುಗೊಳವೆಯ ಸದ್ದು ಬಂತು, ಆಮೇಲೆ ಹೊಗೆ. ಅಂಟಿನ ಅನ್ನಕ್ಕೆ ಇರುವೆಗಳು ಬಂದಿದ್ದವು. ಉದ್ದನೆಯ ಕಟ್ಟಡದ ಗೋಡೆಯ ಸಂದಿಯಲ್ಲೇ ಅನ್ನ ಹೆಚ್ಚಾಗಿತ್ತು. ಒಣಗಿದ ಅಗುಳಿನ ಚೂರುಗಳನ್ನು ಕಿತ್ತು, ಹೊತ್ತು, ರಟ್ಟಿನ ರಸ್ತೆಯನ್ನು ದಾಟಿ, ಪುಟ್ಟ ಮಣ್ಣಿನ ಒಲೆಗಳ ಪಕ್ಕದಿಂದ ಹಾಯ್ದು, ಅವು ಕಂಬದ ಬುಡದ ತಮ್ಮ ಗೂಡಿನ ಕಡೆಗೆ ಇಳಿಯುತ್ತಿದ್ದವು. ಒಂದು ಕಡೆಯ ಗೋಡೆ ಆಗಲೇ ವಾಲಿತ್ತು. ಚಾಂಥಾ ಇರುವೆಗಳನ್ನು ಗುಡಿಸಿಹಾಕಲು ಕೈ ಎತ್ತಿದವಳು ಮತ್ತೆ ತೊಡೆಯ ಮೇಲಿಟ್ಟುಕೊಂಡು, ಅವು ಹೋಗುವುದನ್ನು ನೋಡುತ್ತಿದ್ದಳು.