ಹಸಿರು ಬೋಗುಣಿ

ಹಸಿರು ಬೋಗುಣಿಯ ಅಂಚಿಗೆ ಹತ್ತಿದ್ದ ಕಂದು ಸಾಸನ್ನು ಬೆರಳಿಂದ ಒರೆಸಿದ ಅತ್ತಿಗೆ ಒಮ್ಮೆ ಮೂಸಿ, ಮತ್ತೆ ಮೂಸಿದಳು. ಕಡಲೆಕಾಯಿ! ಈಗಷ್ಟೇ ಇದೇ ಬೋಗುಣಿಯಲ್ಲಿ ಆರು ಕೋಳಿ ರೆಕ್ಕೆಗಳನ್ನು ಜೇನಿನ ಸಾಸಿನಲ್ಲಿ ಕುಲುಕಿ ಕಳಿಸಿದ್ದಳು. ಆ ಆರ್ಡರಿನ ಚೀಟಿಗೆ ಕೆಂಪು ಗೆರೆಯಿತ್ತು. ಐದನೇ ಮೇಜಿನ ಹುಡುಗನಿಗೆ ಕಡಲೆಕಾಯಿ ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟುತ್ತದಂತೆ.

ಕೋಳಿ ರೆಕ್ಕೆ ಬಿಟ್ಟು ಬೇರೇನೂ ಮಾರದ ಅಂಗಡಿ ಅದು. ಉಳಿದ ಕೋಳಿ ಎಲ್ಲಿಗೆ ಹೋಗುತ್ತದೋ ಆ ಕೋಳಿಗೇ ಗೊತ್ತು. ಕೆಂಪು ಗೆರೆಯ ಚೀಟಿ ಬಂದರೆ ಮೇಲಿನ ಹಲಗೆಯ ಹಸಿರು ಬೋಗುಣಿಯನ್ನೇ ಇಳಿಸಬೇಕು, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು ಎಂಬುದು ಅಲ್ಲಿನ ಕಟ್ಟಳೆ.

"ಇದ್ರಲ್ಲಿ ಕಡಲೆಕಾಯಿ ಸಾಸ್ ಕಲಸಿದ್ಯಾ?"

ಪಕ್ಕದಲ್ಲಿದ್ದ ನಾದಿನಿಯ ಮುಖ ಬಿಳಿಚಿಕೊಂಡಿತು. ಅಡುಗೆಮನೆಯ ಮೇಲ್ವಿಚಾರಕಿ ಅವಳು. ಅತ್ತಿಗೆಗೆ ಈ ಕೆಲಸ ಕೊಡಿಸಿದವಳೂ ಅವಳೇ. "ಬೋಗುಣಿ ಸಾಲ್ಲಿಲ್ಲ. ಬಟ್ಟೇಲಿ ಒರೆಸಿಟ್ಟಿದ್ದೆ." ಅತ್ತಿಗೆಯ ತೋಳು ಹಿಡಿದಳು. "ಸುಮ್ನಿರಿ ಅತ್ತಿಗೆ. ಸಾಹೇಬ್ರು ಹೊರಗೇ ಕೂತಿದಾರೆ. ಒಂಚೂರಿಗೆ ಏನೂ ಆಗಲ್ಲ."

ಆರು ವರ್ಷ ಕಾದ ಮ್ಯಾನೇಜರ್ ಹುದ್ದೆ ಅವಳಿಗೋ ಅಲ್ಲವೋ ಎಂದು ತೀರ್ಮಾನಿಸಲು ಮುಖ್ಯ ಕಚೇರಿಯ ಸಾಹೇಬರು ಬಂದಿದ್ದರು.

"ಆಗ್ಬಿಟ್ರೆ?" ಎಂದವಳೇ ಅತ್ತಿಗೆ ತೋಳು ಕೊಡವಿಕೊಂಡು ಓಡಿದಳು.

ಹುಡುಗ ಕೆನ್ನೆ ಉಬ್ಬಿಸಿ ರೆಕ್ಕೆಯನ್ನು ಊದುತ್ತಿದ್ದ. ಅತ್ತಿಗೆ ಅದನ್ನು ಕಿತ್ತುಕೊಂಡಳು.

"ಏನ್ರೀ ಇದು!" ತಾಯಿ ದಿಗ್ಗನೆದ್ದಳು.

"ಕಡಲೆಕಾಯಿ ಸೋಕಿದೆಯಮ್ಮಾ. ತಿಂದ್ಬಿಟ್ನಾ?"

ತಾಯಿ ಮಗನ ಬೆರಳು ಒರೆಸಿ, ಬಾಯಿ ತೆರೆಸಿ ನೋಡಿದಳು.

"ಇನ್ನೂ ಕಚ್ಚೇ ಇಲ್ಲ! ಕೊಡು ನಂದು!" ಹುಡುಗ ಸೂರು ಹಾರಿಹೋಗುವಂತೆ ಅರಚಿದ. ಯಾವ ಮಗುವಿನ ಅಳುವೂ ಅತ್ತಿಗೆಗೆ ಇಷ್ಟು ಹಿತವಾಗಿ ಕೇಳಿಸಿರಲಿಲ್ಲ. ಅವಳು ಉಳಿದ ರೆಕ್ಕೆಗಳ ತಟ್ಟೆಯನ್ನೂ ಎತ್ತಿಕೊಂಡಳು.

ಸಾಹೇಬರು ಬಂದು ನಿಂತರು. "ಯಾರ ತಪ್ಪಿದು?"

ಅತ್ತಿಗೆ ಕೈಯಲ್ಲಿನ ತಟ್ಟೆ ನೋಡಿದಳು. ಹೇಳಿದರೆ ನಾದಿನಿಯ ಬಾಳು, ಹೇಳದಿದ್ದರೆ ತನ್ನ ಕೆಲಸ.

"ನಂದು ಸಾರ್." ನಾದಿನಿ ಹಿಂದೆಯೇ ಬಂದಿದ್ದಳು. "ಬೋಗುಣಿ ಕೆಡಿಸಿದ್ದು ನಾನು. ಅತ್ತಿಗೆಗೆ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಸುಮ್ನಿರಿ ಅಂದೆ."

ಸಾಹೇಬರು ಅವಳನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಅವಳ ಬಡ್ತಿಯ ಫೈಲು ಮುಚ್ಚಿ, ಫೋನು ಹಿಡಿದು ಹೊರಗೆ ಹೋದರು.

ಅತ್ತಿಗೆ ಹೊಸ ಪಾತ್ರೆಯಲ್ಲಿ, ಹೊಸ ಎಣ್ಣೆಯಲ್ಲಿ ಮತ್ತೆ ಆರು ರೆಕ್ಕೆ ಕರಿದಳು. ತಟ್ಟೆಯನ್ನು ನಾದಿನಿಯೇ ಒಯ್ದಳು. ಹುಡುಗ ಮೊದಲ ತುತ್ತು ನುಂಗಿ ಎರಡನೆಯದಕ್ಕೆ ಕೈ ಚಾಚುವವರೆಗೂ, ಕೈ ಕಟ್ಟಿಕೊಂಡು, ಅವಳು ಆ ಮೇಜಿನ ಬಳಿಯಿಂದ ಕದಲಲಿಲ್ಲ.