ಬರಗೇರಮ್ಮನ ಬುತ್ತಿ

ಡಾಂಬರು ಕಾಯುವ ವಾಸನೆ ಬಂದರೆ ನನಗೆ ಹಸಿವಾಗುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ತೆಪ್ಪದ ತಳಕ್ಕೆ ಡಾಂಬರು ಬಳಿಯುವ ದಿನ ಅವ್ವ ಅದೇ ಒಲೆಯ ಕೆಂಡದಲ್ಲಿ ಒಣಮೀನು ಸುಡುತ್ತಿದ್ದಳು. ಕೂದಲಿಗೆ ಹತ್ತಿದ ಆ ಎರಡೂ ವಾಸನೆ ಚಿತ್ರದುರ್ಗದ ಕಾಲೇಜಿನವರೆಗೆ ನನ್ನ ಜೊತೆ ಬಂದಿದ್ದವು. ಈ ಸಲ ಹಟ್ಟಿಯಲ್ಲಿ ಮತ್ತೆ ಡಾಂಬರು ಕಾದಾಗ ಮಾತ್ರ ಹಸಿವಾಗಲಿಲ್ಲ.

ನಮ್ಮದು ಮಾರಿಕಣಿವೆ ಹಿನ್ನೀರಿನ ದಂಡೆಯ ಬೆಸ್ತರ ಹಟ್ಟಿ. ಶ್ರೀರಾಂಪುರದಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನಾನು ಇಲ್ಲಿಗೇ ಮರಳಿದೆ. ನಾವು ಕಂಡದ್ದೆಲ್ಲ ನೀರು ಇಳಿಯುವುದನ್ನೇ. ಅದು ಹಿಂದೆ ಸರಿದಂತೆ ಗುಡಿಸಲುಗಳೂ ಅದರ ಬೆನ್ನು ಹಿಡಿದು ಇಳಿದವು. ತೆಪ್ಪವನ್ನು ಗೂಟಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟುವುದು ನಮ್ಮವರ ರೂಢಿ. ಉದ್ದ ಬಿಟ್ಟರೆ ಗಾಳಿಗೆ ಹೊಯ್ದಾಡಿ ಕಲ್ಲಿಗೆ ಬಡಿದು ತಳ ಹರಿಯುತ್ತದೆ. ನೀರು ಏರೀತು ಎಂದುಕೊಂಡು ಹಗ್ಗ ಬಿಟ್ಟವರು ಯಾರೂ ಇರಲಿಲ್ಲ.

ಹೋದ ಮಳೆಗಾಲ ನೀರು ಏರಿತು. ಬೆಳಗಾಗುವಷ್ಟರಲ್ಲಿ ಹಟ್ಟಿಯ ಒಳಗಿತ್ತು. ಮಕ್ಕಳನ್ನು ಹೊತ್ತು ದಿಣ್ಣೆ ಹತ್ತಿ ನಿಂತೆವು. ಕೆಳಗೆ ತೆಪ್ಪಗಳು ಗಿಡ್ಡ ಹಗ್ಗ ಜಗ್ಗಿ ವಾಲಿ, ಒಂದೊಂದಾಗಿ ನೀರು ತುಂಬಿಕೊಂಡು ಮುಳುಗುತ್ತಿದ್ದವು. ಗೋವಿಂದಪ್ಪ ಕುಡುಗೋಲು ಹಿಡಿದು ಹಗ್ಗ ಕೊಯ್ಯಲು ಈಜಿದ. ಅವನ ತೆಪ್ಪವನ್ನು ಹಿಂದಿನ ದಿನ ಕಟ್ಟಿದ್ದವನು ಅವನ ತಮ್ಮ ದುರುಗೇಶ. ಗೋವಿಂದಪ್ಪ ಮೇಲೆ ಬರಲಿಲ್ಲ. ಅವನ ಹೆಣವೂ ಸಿಗಲಿಲ್ಲ.

ಈಗ ದಿಣ್ಣೆಯ ಮೇಲೆ ತಗಡಿನ ಶೆಡ್ಡುಗಳಿವೆ. ಬಿದಿರು ತಂದು ಹೊಸ ತೆಪ್ಪ ಹೆಣೆದದ್ದೂ ಆಯಿತು. ಆದರೆ ನಮ್ಮವರ ಕಟ್ಟಳೆಯಂತೆ, ಒಬ್ಬ ನೀರುಪಾಲಾದರೆ, ಅವನ ಮನೆಯವರು ಇನ್ನೊಬ್ಬನ ಕೈಗೆ ಬುತ್ತಿ ಕೊಡುವ ತನಕ ಹಟ್ಟಿಯ ಯಾವ ತೆಪ್ಪವೂ ಇಳಿಯುವ ಹಾಗಿಲ್ಲ. ಗೋವಿಂದಪ್ಪನ ಹೆಂಡತಿ ಬರಗೇರಮ್ಮ ದಿನಾ ಬುತ್ತಿ ಕಟ್ಟುತ್ತಿದ್ದಳು, ಆದರೆ ಯಾರಿಗೂ ಕೊಡುತ್ತಿರಲಿಲ್ಲ. ಮಡಿಲಲ್ಲಿಟ್ಟುಕೊಂಡು ದಂಡೆಯಲ್ಲಿ ಕೂತಿದ್ದು, ಹೊತ್ತಿಳಿದ ಮೇಲೆ ನೀರಿಗೆ ಬಿಡುತ್ತಿದ್ದಳು.

"ಉಪ್ಪು ಕಮ್ಮಿ ಹಾಕೀನಿ ಟೀಚ್ರೆ, ಅವ್ನಿಗೆ ಹಂಗೇ ಬೇಕು" ಎನ್ನುತ್ತಿದ್ದಳು.

ಕೊಡು ಎಂದು ಯಾರೂ ಅವಳನ್ನು ಒತ್ತಾಯಿಸಲಿಲ್ಲ. ಸ್ವಂತ ಒಲೆ ಹೊತ್ತದವರೂ ಅವಳ ಬಾಗಿಲಿಗೆ ಸೌದೆ ಇಟ್ಟು ಹೋಗುತ್ತಿದ್ದರು. ಹಿರಿಯ ಕರಿಸಿದ್ದಪ್ಪ ಹರಿದ ಬಲೆಯ ನೆಪ ಮಾಡಿಕೊಂಡು ದೂರದಲ್ಲಿ ಕೂತು, ಬುತ್ತಿಯ ಹತ್ತಿರ ನಾಯಿ ಬಾರದಂತೆ ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅರ್ಧ ಹಟ್ಟಿ ಕೂಲಿಗೆ ಹೋಗಿಯಾಗಿತ್ತು. ಉಳಿದವರನ್ನು ಹಿರಿಯೂರಿನ ಕಡೆಯ ಇಟ್ಟಿಗೆ ಗೂಡಿಗೆ ಒಯ್ಯಲು ಲಾರಿ ಬರುವುದಿತ್ತು. ಹೋದವರು ಮತ್ತೆ ಬಂದು ಬಲೆ ಹಿಡಿಯುತ್ತಾರೆಂಬ ನಂಬಿಕೆ ನನಗಿರಲಿಲ್ಲ.

ಲಾರಿ ಬರುವ ಹಿಂದಿನ ದಿನ ಬೆಳಿಗ್ಗೆ ದುರುಗೇಶ ಹೊಸ ತೆಪ್ಪಕ್ಕೆ ಕೊನೆಯ ಕೈ ಡಾಂಬರು ಬಳಿಯುತ್ತಿದ್ದ.

"ಲೇ, ತೆಪ್ಪಕ್ಕೆ ಬಳಿ ಅಂದ್ರೆ ಮಕಕ್ಕೆಲ್ಲ ಬಳ್ಕಂಡೀಯಲ್ಲಲೇ. ಮೀನು ನೋಡಿದ್ರೆ ಹೊಸದುರ್ಗಕ್ಕೆ ಬಸ್ ಹತ್ತತಾವೆ" ಎಂದ ಕರಿಸಿದ್ದಪ್ಪ.

"ಹತ್ಲಿ ಬಿಡಣ್ಣ. ನಾವು ನಾಳೆ ಲಾರಿ ಹತ್ತಲ್ವಾ?"

ಕರಿಸಿದ್ದಪ್ಪ ಮತ್ತೆ ಬಲೆಯ ಹರಕಿಗೆ ಕೈ ಹಾಕಿದ.

ಬರಗೇರಮ್ಮ ನನ್ನ ಪಕ್ಕ ಕೂತಿದ್ದಳು. "ನಾನು ಬುತ್ತಿ ಕೊಟ್ರೆ ಅವ್ನು ಸತ್ತ ಅಂತ ನಾನೇ ಹೇಳ್ದಂಗೆ ಅಲ್ವಾ ಟೀಚ್ರೆ?" ಎಂದು ಕೇಳಿದಳು.

ನಾನು ಅವಳ ಕೈ ಹಿಡಿದುಕೊಂಡೆ.

ಡಾಂಬರು ಆರಿದ ಮೇಲೆ ದುರುಗೇಶ ತೆಪ್ಪವನ್ನು ಉರುಳಿಸಿ ನೀರಿನಂಚಿಗೆ ತಂದು ಗೂಟಕ್ಕೆ ಕಟ್ಟಿದ. ಇದ್ದಬದ್ದ ಹಗ್ಗವನ್ನೆಲ್ಲ ಗಂಟು ಹಾಕಿ ಸೇರಿಸಿದ್ದ. ಸುರುಳಿ ಸುರುಳಿಯಾಗಿ ಮಣ್ಣಿನ ಮೇಲೆ ಬಿದ್ದಿತ್ತು.

ಬರಗೇರಮ್ಮ ಎದ್ದು ಹೋಗಿ ಅದನ್ನೇ ನೋಡುತ್ತ ನಿಂತಳು. "ನೀರು ಇಳೀತಾ ಐತಲ್ಲೋ. ಇಷ್ಟುದ್ದ ಯಾಕೆ ಬಿಟ್ಟೀಯ?"

ದುರುಗೇಶ ತಲೆ ಎತ್ತಲಿಲ್ಲ. "ಗಿಡ್ಡ ಕಟ್ಟಾಕೆ ಕೈ ಬರಲ್ಲ ಅತ್ತಿಗೆ" ಎಂದ. ಡಾಂಬರು ಹತ್ತಿದ ಕೈಯಿಂದ ಗಂಟುಗಳನ್ನು ಮತ್ತೊಮ್ಮೆ ಬಿಗಿದ.

ಬರಗೇರಮ್ಮ ನೀರಿನ ಕಡೆ ತಿರುಗಿದಳು. ಮುಳುಗಿದ ಹಟ್ಟಿಯ ಜಾಲಿಮರದ ತುದಿಯಷ್ಟೇ ಅಲ್ಲಿ ಕಾಣುತ್ತಿತ್ತು. ಆಮೇಲೆ ಬುತ್ತಿ ಎತ್ತಿಕೊಂಡು ಶೆಡ್ಡಿನ ಕಡೆ ನಡೆದಳು. ಕರಿಸಿದ್ದಪ್ಪ ಬಲೆ ಕೆಳಗಿಟ್ಟ. ಇವತ್ತು ದಂಡೆಯಲ್ಲೂ ಕೂರುವುದಿಲ್ಲವೇನೋ, ಎಲ್ಲ ಮುಗಿಯಿತು ಎಂದುಕೊಂಡೆ.

ನಾನು ಬಾಗಿಲ ತನಕ ಹೋದೆ. ಬರಗೇರಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬುತ್ತಿಯ ಗಂಟು ಬಿಚ್ಚಿದ್ದಳು. ಮುದ್ದೆಯ ಪಕ್ಕದ ಡಬ್ಬಿಯ ಮುಚ್ಚಳ ತೆಗೆದು, ಹುರುಳಿ ಸಾರಿಗೆ ಚಿಟಿಕೆ ಉಪ್ಪು ಹಾಕಿದಳು. ಬೆರಳಲ್ಲಿ ಕಲಸಿ ರುಚಿ ನೋಡಿದಳು. ಇನ್ನೊಂದು ಚಿಟಿಕೆ ಹಾಕಿದಳು. ಮೊದಲಿನ ಹಾಗೆಯೇ ಗಂಟು ಕಟ್ಟಿ ದಂಡೆಗೆ ಇಳಿದು, ದುರುಗೇಶನ ಕೈಗೆ ಬುತ್ತಿ ಕೊಟ್ಟಳು.